ದಣಿವಿನ ರೋಗಿಗಳಿಗೂ ಒಂದು ಗುಂಪು ಬೇಕು

ಮಾನ್ಯ ಸಂಪಾದಕರೇ,

ನನ್ನ ತಂಗಿಗೆ ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ವಿಶ್ರಾಂತಿ ಪಡೆದರೂ ಹೋಗದ ದೀರ್ಘಕಾಲದ ದಣಿವಿನ ಕಾಯಿಲೆ. ಬಾವಿಯಿಂದ ಎರಡು ಕೊಡ ನೀರು ಸೇದಿದರೆ ಮರುದಿನ ಹಾಸಿಗೆ ಬಿಟ್ಟು ಏಳಲಾರಳು. ಬಾಚಣಿಗೆ ಹಿಡಿದ ಕೈ ಅರ್ಧಕ್ಕೇ ಇಳಿಯುತ್ತದೆ. ನೋಡಿದವರು ಸೋಮಾರಿತನ ಅಂದುಬಿಡುತ್ತಾರೆ. ಅವಳಿಗೆ ಆ ಮಾತೇ ಜಾಸ್ತಿ ನೋವು.

ಇಂಥವರನ್ನು ಒಟ್ಟಿಗೆ ಸೇರಿಸುವ ಗುಂಪು ಚಿಕಿತ್ಸೆ ಕಾರವಾರ, ಶಿರಸಿಯಲ್ಲಿ ಸಿಗಬೇಕು. ಅದರಿಂದ ಕಾಯಿಲೆ ವಾಸಿಯಾಗದು, ನಿಜ. ಆದರೆ ಇರುವ ಶಕ್ತಿಯನ್ನು ಅಳೆದು ಬಳಸುವುದನ್ನು ಒಬ್ಬರಿಂದೊಬ್ಬರು ಕಲಿಯಬಹುದು ಅಲ್ವಾ? ವ್ಯಾಯಾಮ ಹಂತಹಂತವಾಗಿ ಹೆಚ್ಚಿಸುವ ಕ್ರಮ ಮಾತ್ರ ಬೇಡವೇ ಬೇಡ. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲೇ ಅದನ್ನು ಕೈಬಿಟ್ಟಿದೆ.

ಘಟ್ಟ ಇಳಿದು ಬಸ್ಸಿನಲ್ಲಿ ಬರುವಷ್ಟರಲ್ಲೇ ಇವರು ಸುಸ್ತಾಗುತ್ತಾರೆ. ಹಾಗಾಗಿ ಮನೆಯಲ್ಲಿ ಮಲಗಿಕೊಂಡೇ, ಫೋನಿನಲ್ಲಿ ಸೇರಲೂ ಅವಕಾಶ ಇರಲಿ.

– ಓದುಗರೊಬ್ಬರು, ಶಿರಸಿ