ನೂಲ ಹುಣ್ಣಿಮೆ ಕಳೆಯಿತು, ಇವರು ಮತ್ತೆ ಕಡಲಿಗೆ ಇಳಿದರು

ಕಡಲಿಗೆ ಹಾಲು, ತೆಂಗಿನಕಾಯಿ ಬಿಟ್ಟು ಮೊನ್ನೆ ನನ್ನ ಗಂಡ ಮತ್ತೆ ದೋಣಿ ಹತ್ತಿದರು. ಈ ಮಳೆಗಾಲದಲ್ಲಿ ದೋಣಿ ತೆರೆಗೆ ಸಿಕ್ಕಿ ಇವರು ನೀರಿಗೆ ಬಿದ್ದು ಆಸ್ಪತ್ರೆ ಸೇರಿದ್ದರು. ನೀರಿಗೆ ಹಾರಿ ಎಳೆದು ತಂದ ನಾಲ್ವರು ಹುಡುಗರಿಗೆ, ಬಲೆ ಹುಡುಕಿಕೊಟ್ಟವರಿಗೆ, ಖರ್ಚಿಗೆ ಕೈಜೋಡಿಸಿದ ದೋಣಿಯವರಿಗೆ, ಜೀಪು ಕೊಟ್ಟ ಮಾವನಿಗೆ ಕೈಮುಗಿಯುತ್ತೇನೆ.

ಉಳಿದದ್ದೆಲ್ಲ ಪಕ್ಕದ ಮನೆಯ ಅಕ್ಕನಿಗೆ.

ಗಂಗೊಳ್ಳಿಯ ಅಳಿವೆ, ಅಂದರೆ ನದಿಗಳು ಕಡಲು ಸೇರುವ ಬಾಯಿ, ಮಳೆಗಾಲದಲ್ಲಿ ಹೇಗಿರುತ್ತದೆಂದು ಕಡಲ ಕರೆಯವರಿಗೆ ಗೊತ್ತು. ಇಳಿತದ ಹೊತ್ತಿಗೆ ಐದು ನದಿಗಳ ನೀರು ಹೊರಗೆ ನುಗ್ಗುತ್ತದೆ, ತೆರೆ ಒಳಗೆ ಬರುತ್ತದೆ. ಎರಡೂ ಮರಳದಿಬ್ಬದ ಮೇಲೆ ಎದುರಾದರೆ ತೆರೆ ಗೋಡೆಯಂತೆ ಎದ್ದು ಒಡೆಯುತ್ತದೆ. ದೋಣಿಯ ಹಿಂಬದಿ ಮೇಲೆದ್ದರೆ ಇಂಜಿನ್ನಿನ ಪಂಖ ನೀರು ಬಿಟ್ಟು ಗಾಳಿಯಲ್ಲಿ ತಿರುಗುತ್ತದೆ, ಹಿಡಿತ ತಪ್ಪಿ ದೋಣಿ ಅಡ್ಡವಾಗುತ್ತದೆ. ಉಬ್ಬರ ಹತ್ತುವ ತನಕ ಹೊರಗೇ ಕಾಯಬೇಕು. ಜೂನ್ 1ರಿಂದ 61 ದಿನ ಮೀನುಗಾರಿಕೆ ನಿಷೇಧದಿಂದ ದೊಡ್ಡ ಬೋಟುಗಳು ದಡದಲ್ಲಿದ್ದು, ಮೀನಿಗೆ ಬೆಲೆ ಬಂದಿರುವಾಗ ಕಾಯುವ ತಾಳ್ಮೆ ನಾಡದೋಣಿಯವರಿಗೆ ಸುಲಭವಲ್ಲ.

ದಡಕ್ಕೆ ತಂದಾಗ ಉಸಿರಿತ್ತು, ಎಚ್ಚರವಿರಲಿಲ್ಲ. ನೀರು ಕಕ್ಕಿಸಲೆಂದು ನಾಲ್ಕು ಕೈ ಹೊಟ್ಟೆಗೆ ಬಂದವು. "ಹೊಟ್ಟೆ ಒತ್ಬೇಡಿ, ಮಗ್ಗುಲಿಗೆ ಮಲಗ್ಸಿ" ಎಂದು ಕೂಗಿದ್ದು ಅಕ್ಕ. ಒತ್ತಿದರೆ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒದ್ದೆ ಬಟ್ಟೆ ತೆಗೆಸಿ ಕಂಬಳಿ ಹೊದಿಸಿದಳು. ಇವರು ಕಣ್ಣುಬಿಟ್ಟು ಮಾತಾಡಿದ ಮೇಲೆ "ಇನ್ನು ಮನೆಗೇ ಹೋಗುವ" ಎಂದವರನ್ನು ತಡೆದು ಜೀಪು ಹತ್ತಿಸಿದಳು. ಒಳಗೆ ಹೋದ ನೀರು ಕೆಲವು ಗಂಟೆಗಳ ನಂತರವೂ ಉಸಿರು ಕಟ್ಟಿಸಬಹುದು. ಹಾಗೇ ಆಯಿತು. ನಡುರಾತ್ರಿ ಉಸಿರು ಏರಿದ್ದನ್ನು, ತುಟಿ ನೀಲಿಯಾದದ್ದನ್ನು ಮೊದಲು ಕಂಡವಳೂ ಅವಳೇ. ನಾನು ಗೋಡೆಗೆ ಒರಗಿ ನಿದ್ದೆಹೋಗಿದ್ದೆ. ಅದನ್ನು ನೆನೆದರೆ ಈಗಲೂ ಕೈಕಾಲು ನಡುಗುತ್ತದೆ.

ಮೊದಲ ವಾರ ಅಂಗಳ ತುಂಬ ಜನ. ಹತ್ತನೇ ದಿನದ ನಂತರ ಮಳೆಯ ಸದ್ದು ಬಿಟ್ಟರೆ ಏನಿಲ್ಲ. ದೂರುತ್ತಿಲ್ಲ, ಎಲ್ಲರ ಒಲೆಯೂ ಆರಿದ್ದ ತಿಂಗಳದು. ಆಗಲೂ ಸಂಜೆಗೆ ಗಂಜಿಯ ಪಾತ್ರೆ ಹಿಡಿದು ಬಂದವಳು ಅವಳೊಬ್ಬಳೇ.

ಮೀನು ಮಾರುವ ಹೆಂಗಸಿಗೆ ಖಾಯಂ ಮನೆಗಳೇ ಆಸ್ತಿ. ಹದಿನೈದು ದಿನ ಹೋಗದಿದ್ದರೆ ಆ ಮನೆಗಳು ಬೇರೆ ಬುಟ್ಟಿಗೆ ಒಗ್ಗಿಬಿಡುತ್ತವೆ. ನನ್ನ 22 ಮನೆಗಳಿಗೆ ಅಕ್ಕ ನನ್ನ ಹೆಸರು ಹೇಳಿಕೊಂಡೇ ಹೋದಳು, ತನ್ನ ಒಣಮೀನು ಹೊತ್ತು. ಬೇಸಿಗೆಯಲ್ಲಿ ನಾಲ್ಕು ಕಿಲೋ ಮೀನಿಗೆ ಒಂದು ಕಿಲೋ ಉಪ್ಪು ಹಾಕಿ, ಮರಳು ತಾಗದಂತೆ ಹಳೆ ಬಲೆಯ ಮೇಲೆ ಖಡಕ್ಕಾಗಿ ಒಣಗಿಸಿದ್ದು. ನಡುಮುಳ್ಳಿನ ಹತ್ತಿರ ಒಂದಿಷ್ಟು ಹಸಿ ಉಳಿದರೂ ಆಷಾಢದಲ್ಲಿ ಬೂಸು ಹಿಡಿಯುತ್ತದೆ. ಅವಳದ್ದಕ್ಕೆ ಹಿಡಿದದ್ದಿಲ್ಲ. ಬಂದ ದುಡ್ಡಲ್ಲಿ ಅರ್ಧ ನಮ್ಮ ಅಕ್ಕಿ ಡಬ್ಬಿಯ ಕೆಳಗಿಟ್ಟು ಹೋಗುತ್ತಿದ್ದಳು.

ಅಕ್ಕಾ, ಸೋಮವಾರದಿಂದ ಬುಟ್ಟಿ ನಾನು ಹೊರುತ್ತೇನೆ. ನಿನ್ನ ಮೊಣಕಾಲು ಸರಿಯಾಗುವ ತನಕ ನಿನ್ನ ಮನೆಗಳಿಗೂ ನಾನೇ ಹೋಗುತ್ತೇನೆ, ನಿನ್ನ ಹೆಸರು ಹೇಳಿಕೊಂಡು.