ಬಾಗಿಲು ಹಾಕಿಕೊಂಡ ಆ ಮೂರು ದಿನ

ಕೂಸೇ,

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಶೋ ಮಾಡೋಕೆ ವೀಸಾ ಬಂತು ಅಂತ ನೀನು ಕಳಿಸಿದ ಮೆಸೇಜ್ ನೋಡಿದೆ. ಒಳ್ಳೇದಾಯ್ತು. ಫೋನಿನಲ್ಲಿ ಮಾತಾಡಿದರೆ ನಡುವೆ ನಗಿಸಿಬಿಡ್ತೀಯ, ನಾನು ಹೇಳಬೇಕಾದ್ದು ಅಲ್ಲೇ ನಿಂತುಹೋಗುತ್ತೆ. ಅದಕ್ಕೇ ಬರೀತಿದ್ದೀನಿ. ವಿಮಾನ ಹತ್ತೋದರೊಳಗೆ ಪೂರ್ತಿ ಓದು.

ಮೈಸೂರಿನಲ್ಲಿ ನಿನ್ನ ಕಾಮಿಡಿ ಶೋ ಮುಗಿದ ಮೇಲೆ ನಿನ್ನ ಹತ್ತಿರ ಬರದೆ, ಒಂದು ಮಾತೂ ಆಡದೆ ಮಂಡ್ಯದ ರೈಲು ಹತ್ತಿಬಿಟ್ಟೆ. ನಿನಗೆ ನೋವಾಗಿರುತ್ತೆ, ಬೇಜಾರು ಮಾಡ್ಕೋಬೇಡ ಮಗ. ಅವ್ವನಿಗೆ ಅವಮಾನ ಆಯ್ತೇನೋ ಅಂತ ನೀನು ಚಿಕ್ಕವ್ವನ ಹತ್ತಿರ ಕೇಳಿದೆಯಂತೆ. ಅವಮಾನ ಅಲ್ಲ ಕೂಸೇ. ಒಂದು ಗಂಟೆ ಹೊತ್ತು ಒಬ್ಬಳೇ ನಿಂತು, ಕೈಯಲ್ಲಿ ಮೈಕ್ ಬಿಟ್ಟರೆ ಇನ್ನೇನೂ ಇಲ್ಲದೆ ಅಷ್ಟು ಜನರನ್ನ ಹಿಡಿದು ಕೂರಿಸಿದ್ದೆ. ಆಫೀಸಿನ ಪಾರ್ಟಿಗಳಲ್ಲಿ ಎಲ್ಲರಿಗಿಂತ ಕಮ್ಮಿ ಕುಡಿಯೋಳು ನೀನೇ ಅಂತ ಎಲ್ಲರನ್ನೂ ಕ್ಯಾಬ್ ಹತ್ತಿಸೋ ಜವಾಬ್ದಾರಿ ನಿನಗೇ ಕೊಡ್ತಿದ್ದರಂತೆ. ನಿನ್ನ ಪಾಲಿನದನ್ನ ರೂಮಿನಲ್ಲೇ ಮುಗಿಸಿ ಬಂದಿರ್ತಿದ್ದೆ ಅನ್ನೋದು ಒಬ್ಬರಿಗೂ ಗೊತ್ತಿರಲಿಲ್ಲವಂತೆ. ಜನ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಬೀಗರ ಊಟದಲ್ಲಿ ಪಂಕ್ತಿಗೆ ಮುದ್ದೆ ಬಡಿಸುತ್ತಾ ನಡುನಡುವೆ ಸ್ಟೀಲ್ ಬಾಟಲಿ ಎತ್ತಿ ಕುಡೀತಿದ್ದದ್ದು, ‘ನೋಡ್ರಪ್ಪ, ಈ ಹುಡುಗಿ ನೀರು ಬಿಟ್ಟು ಇನ್ನೇನೂ ಮುಟ್ಟಲ್ಲ’ ಅಂತ ದೊಡ್ಡವರು ಹೊಗಳಿದ್ದು, ಅದಕ್ಕೂ ನಕ್ಕೆ. ನಿಮ್ಮಪ್ಪನ ಭಾಗದ ಬಗ್ಗೆ ಇಲ್ಲಿ ಬರೆಯಲ್ಲ. ಇಬ್ಬರಿಗೂ ಗೊತ್ತಿರೋದೇ.

ಆಮೇಲೆ ನೀನು ಕುಡಿತ ಬಿಟ್ಟ ಕತೆ ಹೇಳಿದೆ. ಯಾರಿಗೂ ತಿಳಿಸದೆ, ರೂಮಿನ ಬಾಗಿಲು ಹಾಕ್ಕೊಂಡು, ಒಂದೇ ಸಲಕ್ಕೆ. ಮೂರು ದಿನ. ನೀರಿನ ಲೋಟ ಬಾಯಿಗೆ ಹೋಗೋದರೊಳಗೆ ಅರ್ಧ ಮೈಮೇಲೆ. ರಾತ್ರಿ ಫ್ಯಾನು ನಿನ್ನ ಹೆಸರು ಹಿಡಿದು ಕೂಗಿತು, ನೀನು ಅದಕ್ಕೆ ಉತ್ತರ ಕೊಟ್ಟೆ. ಇಡೀ ಹಾಲ್ ಚಪ್ಪಾಳೆ ತಟ್ಟಿತು. ಕೈ ಹೇಗೆ ನಡುಗ್ತಿತ್ತು ಅಂತ ನೀನು ಬೆರಳು ಚಾಚಿ ತೋರಿಸಿದೆಯಲ್ಲ, ವಾರ್ಡಿನಲ್ಲಿ ನಾವು ‘ಕೈ ಮುಂದಕ್ಕೆ ಚಾಚಪ್ಪ’ ಅಂತ ಹೇಳಿ ನೋಡ್ತಿದ್ದ ನಡುಕ ಅದೇ. ಆಮೇಲಿನ ನಿನ್ನ ಮಾತು ಒಂದೂ ನನಗೆ ಕೇಳಿಸಲಿಲ್ಲ.

ನಾನು ನರ್ಸ್ ಆಗಿದ್ದಾಗ ನೋಡಿದ ಒಬ್ಬ ಕಬ್ಬಿನ ಗಾಡಿಯವನ ಕತೆ ನಿನಗೆ ಯಾವತ್ತೂ ಹೇಳಿಲ್ಲ. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತಲ್ಲ, ಅದಕ್ಕೂ ಮುಂಚಿನ ಮಾತು. ಕಬ್ಬು ಅರೆಯೋ ಕಾಲ, ಗಾಳಿ ಈ ಕಡೆ ಬೀಸಿದರೆ ಊರೆಲ್ಲ ಕಾಕಂಬಿ ವಾಸನೆ. ಗಾಡಿ ಮಗುಚಿ ಕಾಲು ಮುರ್ಕೊಂಡು ಬಂದಿದ್ದ, ಗಟ್ಟಿಮುಟ್ಟಾದ ಆಳು. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರು. ‘ಕುಡೀತಾರೇನಮ್ಮ?’ ಅಂತ ಡಾಕ್ಟರು ಹೆಂಡತಿಯನ್ನ ಕೇಳಿದರು. ಪಕ್ಕದಲ್ಲಿ ಅತ್ತೆ ನಿಂತಿದ್ದಳು. ‘ಇಲ್ಲ ಸಾರ್, ನಮ್ಮ ಯಜಮಾನ್ರು ಅದನ್ನ ಮುಟ್ಟಲ್ಲ’ ಅಂದಳು. ಕೇಸ್ ಶೀಟಿನಲ್ಲಿ ಹಾಗೇ ಬರ್ಕೊಂಡರು.

ಮೂರನೇ ರಾತ್ರಿ ನನ್ನ ಡ್ಯೂಟಿ. ಎದ್ದು ಕೂತಿದ್ದ. ಬೆಡ್‌ಶೀಟಿನ ತುದಿಯನ್ನ ಎರಡೂ ಕೈಲಿ ಹಗ್ಗದ ಹಾಗೆ ಹಿಡ್ಕೊಂಡು ಎತ್ತು ಹೊಡೀತಿದ್ದ. ‘ಹೈ, ಹೈ, ನಡೀರಪ್ಪ, ಗೇಟು ಹಾಕ್ಬಿಡ್ತಾರೆ’ ಅಂತ. ಮೈ ಕೆಂಡ, ಬೆವರು ಹರೀತಿತ್ತು. ತೂಕ ಕಟ್ಟಿದ ಕಾಲು ಅವನಿಗೆ ನೆನಪೇ ಇರಲಿಲ್ಲ. ಹೆಂಡತಿ ‘ಗಾಳಿ ಸೋಕಿದೆ ಸಿಸ್ಟರ್, ಯಾರನ್ನಾದರೂ ಕರೆಸ್ತೀನಿ’ ಅಂತ ಅಳ್ತಿದ್ದಳು. ಅವಳನ್ನ ವರಾಂಡಕ್ಕೆ ಕರ್ಕೊಂಡು ಹೋಗಿ, ಅತ್ತೆ ಇಲ್ಲದ ಕಡೆ ನಿಲ್ಲಿಸಿ ಕೇಳಿದ ಮೇಲೆ ಬಾಯಿ ಬಿಟ್ಟಳು: ದಿನಾ ಬೆಳಿಗ್ಗೆ ಎದ್ದ ತಕ್ಷಣ ಸಾರಾಯಿ ಪ್ಯಾಕೆಟ್ ಬೇಕಾಗಿತ್ತು. ನಾನು ಡಾಕ್ಟರಿಗೆ ಹೇಳಿ ವಾಪಸ್ ಬರೋದರೊಳಗೆ ಅವನಿಗೆ ಫಿಟ್ಸ್ ಶುರುವಾಗಿತ್ತು. ಬೆಳಗಾಗೋ ಮುಂಚೆ ಹೋಗಿಬಿಟ್ಟ. ಅವನು ಕಾಲು ಮುರಿದಿದ್ದಕ್ಕೆ ಸಾಯಲಿಲ್ಲ ಮಗಳೇ. ಆ ‘ಮುಟ್ಟಲ್ಲ’ ಅನ್ನೋ ಒಂದು ಮಾತಿಗೆ ಸತ್ತ.

ಈಗ ಕಣ್ಣು ಮುಚ್ಚಿದರೆ ಅದೇ ಮಂಚದ ಮೇಲೆ ನೀನು ಕೂತಿರ್ತೀಯ. ಹಗ್ಗ ನಿನ್ನ ಕೈಲಿ. ನಿನ್ನ ರೂಮಿಗೆ ಚಿಲಕ ಹಾಕಿತ್ತು. ಫಿಟ್ಸ್ ಬಂದಿದ್ದರೆ ಬಾಗಿಲು ಒಡೆಯೋಕೆ ಯಾರಿದ್ದರು?

ನಿನಗೆ ಪಾಠ ಹೇಳಬಾರದು ಅಂತಲೇ ಕೂತಿದ್ದೆ, ಆದರೂ ಇಷ್ಟು ಹೇಳಲೇಬೇಕು. ದಿನಾ ಕುಡಿಯೋ ಮೈಯಲ್ಲಿ ಮಿದುಳು ಆ ಮಂಪರಿಗೆ ಒಗ್ಗಿ, ಅದಕ್ಕೆ ಎದುರಾಗಿ ಸದಾ ತನ್ನನ್ನ ಎಚ್ಚರದ ಕಡೆಗೆ ಎಳ್ಕೋತಿರುತ್ತೆ. ಕುಡಿತ ತಟಕ್ಕನೆ ನಿಂತರೆ ಮಂಪರು ಹೋಗುತ್ತೆ, ಎಳೆತ ಮಾತ್ರ ಉಳಿಯುತ್ತೆ. ನಡುಕ ಮೊದಲ ದಿನವೇ ಶುರು. ಫಿಟ್ಸ್ ಬರೋದಾದರೆ ಹೆಚ್ಚಾಗಿ ಮೊದಲ 48 ಗಂಟೆಯಲ್ಲಿ, ಕೆಲವರಿಗೆ ಆಮೇಲೂ ಬರುತ್ತೆ. ಸನ್ನಿ ಹಿಡಿಯೋದು ಎರಡನೇ ದಿನ ಕಳೆದ ಮೇಲೆ. ಎಲ್ಲರಿಗೂ ಹೀಗಾಗಲ್ಲ. ಯಾರಿಗೆ ಆಗುತ್ತೆ ಅಂತ ಮನೆಯಲ್ಲಿ ಕೂತು ಹೇಳೋಕೆ ಬರಲ್ಲ. ಡಾಕ್ಟರ ಕೈಗೆ ಸಿಕ್ಕರೆ ಡಯಾಜೆಪಾಮ್ ತರದ ಮಾತ್ರೆ ಕೊಟ್ಟು ದಿನದಿನಕ್ಕೆ ಇಳಿಸ್ತಾರೆ, ಥಯಾಮಿನ್ ಅಂದರೆ ಬಿ1 ವಿಟಮಿನ್ ಕೊಡ್ತಾರೆ. ಎಷ್ಟೋ ಜನ ಎದ್ದು ನಡ್ಕೊಂಡು ಮನೆಗೆ ಹೋಗಿದ್ದನ್ನ ನಾನೇ ನೋಡಿದ್ದೀನಿ. ನೀನಿದ್ದ ಬೆಂಗಳೂರಿನಲ್ಲೇ ನಿಮ್ಹಾನ್ಸ್ ಇದೆ, ವ್ಯಸನಕ್ಕೇ ಅಂತ ಬೇರೆ ವಿಭಾಗ ಇದೆ. 2022ರಿಂದ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡೂ ಇಲ್ಲ. ಇನ್ನೊಂದು. ಹೆಂಗಸರ ಮೈಯಲ್ಲಿ ನೀರಿನ ಪ್ರಮಾಣ ಕಮ್ಮಿ, ಅಷ್ಟೇ ಪೆಗ್ ಕುಡಿದರೂ ರಕ್ತದಲ್ಲಿ ಜಾಸ್ತಿ ಏರುತ್ತೆ. ‘ಒಂದೇ ಒಂದು’ ಅಂತ ಯಾರಾದರೂ ಕೈಗೆ ಕೊಟ್ಟರೆ, ಇಷ್ಟು ಕುಡಿದರೆ ತೊಂದರೆಯಿಲ್ಲ ಅನ್ನೋ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿರೋದನ್ನ ನೆನಪಿಟ್ಕೋ. ನಿನಗಂತೂ ಆ ಒಂದೂ ಇಲ್ಲ.

ಎಡಿನ್‌ಬರೋ ಬಗ್ಗೆ ನೀನು ಹೇಳಿದ್ದು ನನಗೆ ತುಂಬ ಹಿಡಿಸಿತು. 1947ರಲ್ಲಿ ಎಂಟು ನಾಟಕ ತಂಡದವರು ಕರೆಯದೇ ಹೋಗಿ ಆಡಿದರಂತೆ, ಅಲ್ಲಿಂದ ಫ್ರಿಂಜ್ ಹಬ್ಬ ಹುಟ್ಟಿತಂತೆ. ಮಂಡ್ಯದ ಹುಡುಗಿ ಅಲ್ಲಿ ನಿಂತು ಬೀಗರ ಊಟದ ಕತೆ ಹೇಳ್ತಾಳೆ ಅಂದರೆ ನನಗೆ ಎದೆ ತುಂಬಿ ಬರುತ್ತೆ. ‘ಹೆಣ್ಮಗಳು ಕುಡಿದಿದ್ದನ್ನ ಮೈಕ್ ಹಿಡಿದು ಹೇಳ್ತಾಳಲ್ಲ, ನಾಳೆ ಗಂಡು ಎಲ್ಲಿ ಹುಡುಕ್ತೀಯ’ ಅಂತ ನಿಮ್ಮತ್ತೆ ಕೇಳಿದರು. ಮುಚ್ಚಿಟ್ಟಿದ್ದವಳು ಸತ್ತೇ ಹೋಗ್ತಿದ್ದಳು, ಹೇಳ್ಕೊಂಡವಳು ಬದುಕಿದ್ದಾಳೆ, ನನಗೆ ಅಷ್ಟು ಸಾಕು ಅಂದೆ. ಆದರೆ ಅಲ್ಲಿ ಎಷ್ಟೋ ಶೋಗಳು ಪಬ್ಬುಗಳ ಮಹಡಿಯಲ್ಲಿ, ನೆಲಮಾಳಿಗೆಯಲ್ಲೇ ನಡೆಯೋದಂತೆ. ಆಗಸ್ಟ್ ಪೂರ್ತಿ ನೀನು ಅಂಥ ಜಾಗದಲ್ಲಿ. ಶೋ ಮುಗಿದ ಕೂಡಲೇ ಹೊರಗೆ ಬಾ. ಜನ ಬಂದ ದಿನ ಸಂತೋಷಕ್ಕೆ, ಬರದ ದಿನ ಸಂಕಟಕ್ಕೆ, ಎರಡಕ್ಕೂ ಅಲ್ಲಿ ಒಂದೇ ಮದ್ದು ಕೈಗೆಟಕುತ್ತೆ. ಕುಡಿತ ಬಿಡೋರು ಒಬ್ಬರಿಗೊಬ್ಬರು ಆಸರೆಯಾಗೋ ಆಲ್ಕೊಹಾಲಿಕ್ಸ್ ಅನಾನಿಮಸ್ ಮೀಟಿಂಗ್ ಅಲ್ಲಿ ಎಲ್ಲಿ ನಡೆಯುತ್ತೆ ಅಂತ ತಲುಪಿದ ಮೊದಲ ವಾರದಲ್ಲೇ ಹುಡುಕು. ತುರ್ತಾದರೆ 999, ಡಾಕ್ಟರ ಸಲಹೆಗೆ 111. ಹಾಗೇನಾದರೂ ಮತ್ತೆ ಕುಡಿದುಬಿಟ್ಟರೆ ನನಗೆ ಹೇಳು, ನಾನು ಒಂದು ಮಾತೂ ಬಯ್ಯಲ್ಲ. ಚಿಲಕ ಮಾತ್ರ ಹಾಕ್ಕೋಬೇಡ.

ಕೊನೆಗೆ, ನಿನ್ನ ಶೋಗೆ ನನ್ನದೊಂದು ಸಾಲು ಸೇರಿಸ್ಕೋ. ಫ್ಯಾನಿನ ಕತೆ ತೆಗೀಬೇಡ, ಅದು ಇರಲಿ. ಆದರೆ ಕೇಳೋಕೆ ಬಂದವರಲ್ಲಿ ಒಬ್ಬರಾದರೂ ನಿನ್ನ ಹಾಗೇ ಬಾಟಲಿ ಬ್ಯಾಗಿನಲ್ಲಿ ಇಟ್ಕೊಂಡು ಬಂದಿರ್ತಾರೆ. ನಿನ್ನನ್ನ ನೋಡಿ, ಇವಳ ಕೈಲಿ ಆಗಿದ್ದು ನನ್ನ ಕೈಲೂ ಆಗುತ್ತೆ ಅಂತ ಮನೆಗೆ ಹೋಗಿ ಬಾಗಿಲು ಹಾಕ್ಕೋತಾರೆ. ‘ನಾನು ಬಿಟ್ಟ ಹಾಗೆ ಒಬ್ಬರೇ ಬಿಡಬೇಡಿ, ಸಾಯಬಹುದು, ಮೊದಲು ಡಾಕ್ಟರಿಗೆ ನಿಜ ಹೇಳಿ’ ಅನ್ನು. ಚಪ್ಪಾಳೆ ಪೂರ್ತಿ ನಿಂತ ಮೇಲೆ ಹೇಳು, ನಗುವಿನ ನಡುವೆ ಹೇಳಿದರೆ ಯಾರ ಕಿವಿಗೂ ಬೀಳಲ್ಲ. ಇಂಗ್ಲಿಷಿನಲ್ಲಿ ಹೇಗೆ ಹೇಳ್ತೀಯ ಅಂತ ಹೊರಡೋ ಮುಂಚೆ ಫೋನಿನಲ್ಲಿ ನನಗೆ ಒಂದು ಸಲ ಹೇಳಿ ತೋರಿಸು.

ನಿನ್ನ
ಅವ್ವ