ಜಾರಿದ ಭುಜವನ್ನು ಜಗ್ಗಬೇಡಿ

ಮಾನ್ಯರೇ,

ಕರಿಮೆಣಸಿನ ಕೊಯ್ಲು ಶುರುವಾಯಿತೆಂದರೆ ಏಣಿಯಿಂದ ಬಿದ್ದು, ಕೈ ಊರಿ, ಭುಜದ ಕೀಲು ತಪ್ಪಿಸಿಕೊಂಡವರು ಕೊಡಗಿನ ಆಸ್ಪತ್ರೆಗಳಿಗೆ ಬರುತ್ತಾರೆ. ಹಾಕಿ ಹಬ್ಬದ ದಿನಗಳಲ್ಲಿ ಆಟಗಾರರೂ ಇರುತ್ತಾರೆ. ತೋಟದಲ್ಲೇ ಯಾರೋ ಕಂಕುಳಿಗೆ ಕಾಲು ಕೊಟ್ಟು ಕೈ ಜಗ್ಗಿರುತ್ತಾರೆ, ಇಲ್ಲವೇ ಅರಿವಳಿಕೆ ತಜ್ಞರಿಲ್ಲವೆಂದು ಮೈಸೂರಿನ ದಾರಿ ಹಿಡಿಸಲಾಗುತ್ತದೆ. ಎರಡರಿಂದಲೂ ನೋವೇ ಹೆಚ್ಚು.

ಕೀಲು ಜಾರಿದೊಡನೆ ಸುತ್ತಲ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಜಗ್ಗಿದಷ್ಟೂ, ಹೊತ್ತು ಕಳೆದಷ್ಟೂ ಆ ಬಿಗಿ ಏರುತ್ತದೆ. ಕೀಲನ್ನು ಮತ್ತೆ ಅದರ ಜಾಗಕ್ಕೆ ಕೂರಿಸುವುದೆಂದರೆ ಆ ಬಿಗಿಯನ್ನು ಸಡಿಲಿಸುವುದು, ಬಲದಿಂದ ಗೆಲ್ಲುವುದಲ್ಲ. ಅರಿವಳಿಕೆಯಿಲ್ಲದೆ, ಸ್ನಾಯುಗಳನ್ನು ಹಿಸುಕಿ ಸಡಿಲಿಸಿ ಕೀಲು ಕೂರಿಸುವ ಕನಿಂಗ್‌ಹ್ಯಾಮ್ ವಿಧಾನಕ್ಕೆ ಬೇಕಾದದ್ದು ಎರಡು ಕುರ್ಚಿ ಮಾತ್ರ. ರೋಗಿ ಬೆನ್ನು ನೆಟ್ಟಗೆ ಮಾಡಿ ಕೂರಬೇಕು. ತೋಳು ಪಕ್ಕೆಗೆ ತಾಗಿರಬೇಕು, ಮೊಣಕೈ ಮಡಿಸಿ ಅಂಗೈಯನ್ನು ಎದುರು ಕೂತ ವೈದ್ಯರ ಭುಜದ ಮೇಲಿಡಬೇಕು. ವೈದ್ಯರು ಕತ್ತಿನ ಬುಡದಿಂದ ಭುಜಕ್ಕೆ ಇಳಿಯುವ ಸ್ನಾಯು, ಭುಜದ ಹೊರಮೈ, ಆಮೇಲೆ ತೋಳಿನ ಮುಂಭಾಗ, ಹೀಗೆ ಸರದಿಯಂತೆ ಹಿಸುಕುತ್ತಾ ಹೋಗುತ್ತಾರೆ. ರೋಗಿ ಎದೆ ಮುಂದೆ ಮಾಡಿ ಎರಡೂ ಭುಜಗಳನ್ನು ಹಿಂದಕ್ಕೆ ಎಳೆದುಕೊಂಡರೆ ಕೀಲು ಸದ್ದಿಲ್ಲದೆ ಕೂರುತ್ತದೆ. ಇದು ಕೈಕೊಡುವುದು ರೋಗಿ ನೋವಿಗೆ ಮುಂದಕ್ಕೆ ಬಾಗಿದಾಗ, ತೋಳು ಪಕ್ಕೆಯಿಂದ ದೂರ ಸರಿದಾಗ, ಅಥವಾ ವೈದ್ಯರು ತಾಳ್ಮೆಗೆಟ್ಟು ಎಳೆದಾಗ.

ನೆಟ್ಟಗೆ ಕೂರಲಾಗದವರಿಗೆ ಫೇರಸ್ (FARES) ಎಂಬ ಇನ್ನೊಂದು ವಿಧಾನವಿದೆ. ಅಂಗಾತ ಮಲಗಿಸಿ, ಮೊಣಕೈ ನೇರವಿಟ್ಟು, ಮಣಿಕಟ್ಟು ಹಿಡಿದು ಹಗುರಾಗಿ ಎಳೆಯುತ್ತಾ, ಸೆಕೆಂಡಿಗೆ 2-3 ಬಾರಿ, ಸುಮಾರು 5 ಸೆಂ.ಮೀ.ನಷ್ಟು ಕೈಯನ್ನು ಮೇಲೆ ಕೆಳಗೆ ಆಡಿಸುತ್ತಾ ನಿಧಾನಕ್ಕೆ ಪಕ್ಕಕ್ಕೆ ಒಯ್ಯಬೇಕು. 90 ಡಿಗ್ರಿ ದಾಟಿದ ಮೇಲೆ ಅಂಗೈ ಮೇಲ್ಮುಖವಾಗುವಂತೆ ಹೊರಕ್ಕೆ ತಿರುಗಿಸಬೇಕು. 120ರ ಆಸುಪಾಸಿನಲ್ಲಿ ಸಾಮಾನ್ಯವಾಗಿ ಕೂರುತ್ತದೆ. ನೋವೆಂದರೆ ಅಲ್ಲೇ ನಿಲ್ಲಿಸಿ, ಸಡಿಲಾದ ಮೇಲೆ ಮುಂದುವರಿಯಬೇಕು.

ಇವೆರಡೂ ಮುಂದಕ್ಕೆ ಜಾರಿದ ಕೀಲಿಗೆ. ನೂರರಲ್ಲಿ 95 ಹಾಗೇ ಜಾರುವುದಾದರೂ, ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಕರೆಂಟ್ ಹೊಡೆಸಿಕೊಂಡವರಲ್ಲಿ, ಫಿಟ್ಸ್ ಬಂದವರಲ್ಲಿ ಹಿಂದಕ್ಕೆ ಜಾರಿರಬಹುದು. ಹಾಗಾಗಿ ಮೊದಲು ಎಕ್ಸ್‌-ರೇ. ಎತ್ತರದಿಂದ ಬಿದ್ದವರಲ್ಲಿ, 40 ದಾಟಿದವರಲ್ಲಿ ತೋಳಿನ ಮೂಳೆಯೂ ಮುರಿದಿರುವ ಸಂಭವ ಜಾಸ್ತಿ. ಆ ಮೂಳೆಯ ಕತ್ತು, ಅಂದರೆ ಭುಜದೊಳಗಿನ ಗುಂಡು ತುದಿಯ ಕೆಳಗಿನ ಭಾಗ, ಮುರಿದಿದ್ದರೆ ಈ ವಿಧಾನಗಳು ಬೇಡವೇ ಬೇಡ. ಮಣಿಕಟ್ಟಿನ ನಾಡಿಯನ್ನೂ, ಭುಜದ ಹೊರಮೈಯ ಸ್ಪರ್ಶಜ್ಞಾನವನ್ನೂ ಕೂರಿಸುವ ಮೊದಲು ಮತ್ತು ನಂತರ ನೋಡಿ ಬರೆದಿಡಬೇಕು. ಅಲ್ಲಿ ಜೋಮು ಹಿಡಿದಿದ್ದರೆ ನರಕ್ಕೆ ಪೆಟ್ಟಾಗಿದೆ ಎಂದರ್ಥ.

ತೋಟದ ಮಾಲೀಕರು, ಮೇಸ್ತ್ರಿಗಳು ಮಾಡಬೇಕಾದದ್ದು ಇಷ್ಟು: ಕೈಯನ್ನು ಇದ್ದ ಭಂಗಿಯಲ್ಲೇ ಟವೆಲಿನಿಂದ ಕತ್ತಿಗೆ ತೂಗುಹಾಕಿ, ತೋಳು ಮತ್ತು ಪಕ್ಕೆಯ ನಡುವಿನ ಸಂದಿಗೆ ಮಡಿಸಿದ ಬಟ್ಟೆ ಇಡಿ. ಬೆರಳು ಊದುವ ಮುಂಚೆ ಬಳೆ, ಉಂಗುರ ತೆಗೆಸಿ. ಜೀಪಿನಲ್ಲಿ ಕೂರಿಸಿಕೊಂಡೇ ತನ್ನಿ. ಪಾಪ ಎಂದು ಕಾಫಿ, ಗಂಜಿ ಕೊಡಬೇಡಿ. ಕೊನೆಗೆ ಅರಿವಳಿಕೆಯೇ ಬೇಕಾದರೆ ಊಟವಾಗಿ 6 ಗಂಟೆ ಕಾಯಬೇಕಾಗುತ್ತದೆ.

ಐದೂ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳ ತುರ್ತು ವಿಭಾಗದ ವೈದ್ಯರಿಗೆ ಮುಂದಿನ ಮೆಣಸಿನ ಕೊಯ್ಲಿಗೆ ಮೊದಲೇ ಈ ಎರಡು ವಿಧಾನಗಳನ್ನು ಕೈಯಾರೆ ಮಾಡಿಸಿ ಕಲಿಸಬೇಕೆಂದು ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ಕೋರುತ್ತೇನೆ.

- ಮೂಳೆ ವೈದ್ಯ, ವಿರಾಜಪೇಟೆ